ಅಪ್ಪನ ಹೆಗಲ ಮೇಲಿನ ಕೈ

ಮನೆಯ ಯಾವ ಕೆಲಸಕ್ಕೂ ನಾನಾಗಿ ಮುಂದೆ ಬೀಳುವವನಲ್ಲ. ಆದರೆ ಅಪ್ಪ-ಅವ್ವನ ಮದುವೆಗೆ ಐವತ್ತು ವರ್ಷ ತುಂಬುವ ದಿನ ಟಿಕೋಟಾದ ಮನೆಯಲ್ಲಿ ನೆಂಟರಿಗೆಲ್ಲ ಊಟ ಹಾಕಿಸೋಣ ಎಂಬ ಮಾತು ಬಂದಾಗ, "ಹಳೇ ಫೋಟೋ ಕೂಡಿಸಿ, ಹಾಡ ಹಚ್ಚಿ ಒಂದ ವಿಡಿಯೋ ನಾನ ಮಾಡ್ತೀನಿ" ಎಂದುಬಿಟ್ಟೆ. ಅಡುಗೆಯವರನ್ನು ಹುಡುಕಿ ಶಾಮಿಯಾನ ಹಾಕಿಸುವುದಕ್ಕಿಂತ ಕೂತಲ್ಲೇ ಮಾಡುವ ಕೆಲಸ ಹಗುರ ಎಂಬುದು ನನ್ನ ಲೆಕ್ಕಾಚಾರ.

ವಿಜಯಪುರದಲ್ಲಿ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ನನ್ನ ಮನೆಯಲ್ಲಿ ಕೂತು, ಫೋಟೋ ಕಳಿಸಿರೆಂದು ನೆಂಟರಿಗೆಲ್ಲ ಮೆಸೇಜ್ ಹಾಕಿದೆ. ಬಂದವು. ಗೋಡೆಯ ಗಾಜು ಹಾಕಿದ ಫೋಟೋಗಳನ್ನು ಕೆಳಗಿಳಿಸದೆ ನಿಂತಲ್ಲೇ ಮೊಬೈಲಿನಲ್ಲಿ ಹೊಡೆದು ಕಳಿಸಿದ್ದರಿಂದ ಒಂದರಲ್ಲಿ ಅಪ್ಪನ ಮುಖದ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿತ್ತು, ಇನ್ನೊಂದರಲ್ಲಿ ಅವ್ವನ ಸೀರೆಯ ಮೇಲೆ ಯಾರದೋ ಬನಿಯನ್ ಕಾಣುತ್ತಿತ್ತು. ಸಂಗೀತದ್ದು ಬೇರೆ ಗೋಳು. ಕೊಳಲು ಹಾಕಿ ಅಪ್ಪನಿಗೆ ಫೋನಿನಲ್ಲಿ ಕೇಳಿಸಿದರೆ, "ಯಾರ ಸತ್ತಾರಲೇ?" ಎಂದ. ಕೊಳಲು ತೆಗೆದು ಮದುವೆಯಲ್ಲಿ ಊದುವ ಸನಾದಿ ಹಾಕಿದೆ.

ಬಂದವುಗಳಲ್ಲಿ ನಿಜಕ್ಕೂ ಚೆನ್ನಾಗಿದ್ದದ್ದು ಒಂದೇ. ಅಪ್ಪನ ಪ್ರಾಯದ ಕಪ್ಪು-ಬಿಳುಪು ಫೋಟೋ. ಹಲ್ಲು ಕಾಣುವಂತೆ ನಕ್ಕಿದ್ದಾನೆ. ಆದರೆ ಅದರ ಒಂದು ಬದಿಯನ್ನು ಯಾರೋ ಕತ್ತರಿಸಿದ್ದರು. ಆ ಅಂಚಿನಿಂದ ಯಾರದೋ ನಾಲ್ಕು ಬೆರಳು ಮಾತ್ರ ಬಂದು ಅಪ್ಪನ ಹೆಗಲ ಮೇಲೆ ಕೂತಿದ್ದವು. ಲ್ಯಾಪ್‌ಟಾಪಿನಲ್ಲಿ ಅಳಿಸಲು ಹೋದೆ. ಬೆರಳಿನ ಜೊತೆ ಹೆಗಲೂ ಕರಗಿ ಅಪ್ಪ ತೇವ ಹಿಡಿದ ಗೋಡೆಯಂತಾದ. ಬಿಟ್ಟೆ. ಇರಲಿ, ಯಾರ ಕೈ ಎಂದು ಗೊತ್ತಾದರೆ ಕೆಳಗೆ ಹೆಸರಾದರೂ ಹಾಕೋಣ ಎಂದುಕೊಂಡು ಎಲ್ಲರಿಗೂ ಕಳಿಸಿದೆ.

ಬಬಲೇಶ್ವರದಲ್ಲಿರುವ ಕಾಕಾ, ಅಪ್ಪನ ತಮ್ಮ, ಕೂಡಲೇ ಫೋನ್ ಮಾಡಿದ. "ಅದು ನನ್ನ ಕೈ ಲೇ! ಹೆಸರು ದೊಡ್ಡದಾಗಿ ಹಾಕು."

"ಕಾಕಾ, ಆವಾಗ ನೀ ಸಾಲಿ ಹುಡುಗ. ಅಪ್ಪನ ಹೆಗಲು ನಿನಗ ನಿಲುಕತಿತ್ತೇನು?"

"ಕುರ್ಚಿ ಮ್ಯಾಲ ನಿಂತಿರಬೇಕು" ಎಂದ.

ಭಾನುವಾರ ಹೆಂಡತಿ ಸವಿತಾಳನ್ನೂ ಲ್ಯಾಪ್‌ಟಾಪನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಟಿಕೋಟಾಕ್ಕೆ ಹೋದೆ. ಅಪ್ಪ ಕನ್ನಡಕ ಹಾಕಿ, ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದ. "ಜೈನಾಪುರದ ದೋಸ್ತ ಒಬ್ಬಾಂವ ಇದ್ದ ನೋಡು, ಅವಂದ ಇರಬೇಕು. ಎಲ್ಲಿ ಹೋದ್ರೂ ಹೆಗಲ ಮ್ಯಾಲ ಕೈ ಹಾಕಾಂವ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ಅವ್ವ ಹೊರಗೆ ಬಂದಳು. "ಯಾವ ದೋಸ್ತ? ಅದು ನನ್ನ ಕೈ."

ಲಗ್ನದ ಹೊಸತರಲ್ಲಿ ವಿಜಯಪುರದ ಸ್ಟುಡಿಯೋಕ್ಕೆ ಹೋಗಿದ್ದರಂತೆ. ಹೆಂಡತಿಯ ಹೆಗಲ ಮೇಲೆ ಕೈ ಇಡಿ ಎಂದು ಫೋಟೋದವನು ಹೇಳಿದರೆ ಅಪ್ಪ ನಾಚಿ ಕಂಬದಂತೆ ನಿಂತನಂತೆ. ಎಷ್ಟು ಹೊತ್ತು ಕಾಯುವುದು ಎಂದು ಅವ್ವನೇ ಇಟ್ಟಳಂತೆ. ಆ ನಗು ಅದರದು.

"ಮತ್ತ ಕತ್ತರಿಸಿದವ್ರು ಯಾರಬೇ?"

"ನಾನ. ನನ್ನ ಕಣ್ಣ ಮುಚ್ಚಿದ್ವು, ಇವರು ಛಂದ ಬಂದಿದ್ರು. ಕೈನೂ ಕತ್ತರಿಸಿದ್ರ ಇವರ ಹೆಗಲೂ ಹೋಗ್ತಿತ್ತು." ಹೇಳಿದವಳು ಸವಿತಾಳ ಕಡೆ ತಿರುಗಿ, "ಇಷ್ಟ ವರ್ಷ ಈ ಕೈಲೆ ಮಾಡಿದ ರೊಟ್ಟಿ ತಿಂದಾರ. ಗುರ್ತ ಸಿಗಲಿಲ್ಲ ನೋಡವಾ" ಎಂದು ಒಳಗೆ ಹೋದಳು.

ಊಟಕ್ಕೆ ಎಲ್ಲರಿಗೂ ಬಿಸಿ ರೊಟ್ಟಿ ಬಂತು. ಅಪ್ಪನಿಗೆ ಮುಂಜಾನೆಯದು. ಅಪ್ಪ ತಕರಾರು ಮಾಡದೆ ತಿಂದ, ತಟ್ಟೆಯನ್ನು ತಾನೇ ಎತ್ತಿಕೊಂಡು ಒಳಗೆ ಹೋದ. ಏನು ಮಾತಾಡಿದರೋ ಕೇಳಿಸಲಿಲ್ಲ. ಹೊರಗೆ ಬಂದವನು, "ಇಬ್ಬರದೂ ಹೊಸಾ ಫೋಟೋ ಒಂದ ತೆಗಿ, ಅದರ ಬಾಜೂಕ ಹಾಕು. ಅಕಿ ಕಣ್ಣ ತೆರದಾಳ ಇಲ್ಲೋ ನೋಡ್ಕೊ" ಎಂದ. ಅವ್ವ ಸೀರೆ ಬದಲಿಸಿ ಬಂದು ನಿಂತಳು. ಅಪ್ಪ, ಹಂಚು ಕಾದಿದೆಯೋ ಇಲ್ಲವೋ ಎಂದು ನೋಡುವವನಂತೆ, ಅವಳ ಹೆಗಲ ಮೇಲೆ ಕೈ ಇಟ್ಟ. ಅವ್ವ ಕಣ್ಣನ್ನು ಎಷ್ಟು ಅಗಲ ತೆರೆದಳೆಂದರೆ ಬೈಯಲು ನಿಂತವಳಂತೆ ಕಂಡಳು. ಅದನ್ನೇ ಹಾಕಿದೆ.

ವಾಪಸು ಬರುವಾಗ ದಾರಿಯುದ್ದಕ್ಕೂ ನನಗೆ ನಗು. "ಹೆಂಡತಿ ಕೈ ಗುರ್ತ ಸಿಗಲಾರದ ಗಂಡಸರೂ ಇರ್ತಾರ ನೋಡು" ಎಂದೆ. ದಾರಿಯ ತೊರವಿ ಊರು ಬಂತು. ಸವಿತಾ ಹಿಂದಿನಿಂದ, "ರೀ, ನಿಮ್ಮ ನಗೂ ಕೇಳಿಕೋತ ಕುಂತೀನಿ. ಮುಂಜಾನಿಂದ ನಾ ಯಾವ ಬಣ್ಣದ ಸೀರಿ ಉಟ್ಟೀನಿ? ತಿರುಗಿ ನೋಡಲಾರದ ಹೇಳ್ರಿ" ಎಂದಳು.

ಮೆಲ್ಲಗೆ ಬೈಕಿನ ಕನ್ನಡಿ ನೋಡಿದೆ. ಹಿಂದೆ ಬರುತ್ತಿದ್ದ ಲಾರಿ ಬಿಟ್ಟು ಏನೂ ಕಾಣಲಿಲ್ಲ.