ದಾರ್ ಎಸ್ ಸಲಾಮ್‌ನಲ್ಲಿ ನನಗಾದ ‘ನೆಗಡಿ’

ಆಫ್ರಿಕಾದ ದಾರ್ ಎಸ್ ಸಲಾಮ್‌ಗೆ ಕೆಲಸಕ್ಕೆ ಹೊರಟಾಗ ಮಲೇರಿಯಾ ಬಗ್ಗೆ ಎಲ್ಲರೂ ಹೆದರಿಸಿದರು. ನಾನು ಹೆದರಲಿಲ್ಲ. ಕಲಬುರಗಿಯ ಶಹಾಬಜಾರದಲ್ಲಿ, ಗಟಾರದ ಪಕ್ಕದ ಮನೆಯಲ್ಲಿ ಬೆಳೆದವನಿಗೆ ಅಲ್ಲಿಯ ಸೊಳ್ಳೆ ಹೊಸದಾಗಿ ಏನು ಮಾಡೀತು? ಹೆಂಡತಿ ಮಹಾದೇವಿ ಪೆಟ್ಟಿಗೆಯಲ್ಲಿಟ್ಟಿದ್ದ ಸೊಳ್ಳೆಪರದೆಯನ್ನು ತೆಗೆದು, ಆ ಜಾಗಕ್ಕೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ತುಂಬಿಕೊಂಡೆ.

ಹಿಂಡಿ ಮುಗಿಯುವ ಮೊದಲೇ ಮಲೇರಿಯಾ ಬಂತು.

ಅಲ್ಲಿ ನಾನು ಹಾರ್ಡ್‌ವೇರ್ ಗೋದಾಮೊಂದರ ಮೇಲ್ವಿಚಾರಕ. ಒಂದೇ ಕೋಣೆ, ಒಬ್ಬನೇ ವಾಸ. ಡಾಕ್ಟರು ಗುಳಿಗೆ ಕೊಟ್ಟು, ನೋಡಿಕೊಳ್ಳುವವರು ಇದ್ದಾರೆಯೇ ಎಂದು ಕೇಳಿದರು. ಹೆಂಡತಿ ಇದ್ದಾಳೆ ಎಂದೆ. ಎಲ್ಲಿದ್ದಾಳೆ ಎಂದು ಅವರು ಕೇಳಲಿಲ್ಲ.

ಮಹಾದೇವಿ ಗಾಬರಿಯಾದಾಳೆಂದು, ಆಕೆಗೆ ಬರೀ ನೆಗಡಿ ಎಂದು ಹೇಳಿದೆ.

“ಹಲ್ಲ್ ಯಾಕ ಕಟಕಟ ಅನ್ನಾಕತ್ತಾವ್ರಿ?” ಎಂದಳು ಫೋನಿನಲ್ಲಿ.

“ಎಸಿ ಜೋರದ.”

“ಬಂದ್ ಮಾಡ್ರಿ ಮತ್ತ.”

ನನ್ನ ಕೋಣೆಯಲ್ಲಿ ಎಸಿಯೇ ಇರಲಿಲ್ಲ. “ರಿಮೋಟ್ ಸಿಗವಲ್ದು” ಎಂದೆ. ಹಾಸಿಗೆ ಕೆಳಗೆ ನೋಡ್ರಿ ಎಂದಳು. ಕಂಬಳಿಯೊಳಗೆ ಮಲಗಿಕೊಂಡೇ “ನೋಡಾಕತ್ತೀನಿ” ಎಂದೆ. ಮುಂದೆ ಪ್ರತಿ ಕರೆಯಲ್ಲೂ ಆ ಇಲ್ಲದ ರಿಮೋಟ್ ಹುಡುಕುವುದೇ ನನ್ನ ಉದ್ಯೋಗವಾಯಿತು.

ಅದೃಷ್ಟಕ್ಕೆ ಆಕೆ ವಿಡಿಯೋ ಕಾಲ್ ಮಾಡುವುದನ್ನು ಬಿಟ್ಟಿದ್ದಳು. ಕ್ಯಾಮೆರಾ ಕೆಟ್ಟಿದೆಯಂತೆ. ದೇವರು ದೊಡ್ಡವನು ಎಂದುಕೊಂಡೆ. ಧ್ವನಿ ಮಾತ್ರ ತೀರಾ ಸಣ್ಣದಾಗಿತ್ತು. ಕೇಳಿದರೆ, ಒಪ್ಪತ್ತು ಎಂದಳು. ಮರುದಿನವೂ ಅದೇ ಧ್ವನಿ, ಮತ್ತೆ ಒಪ್ಪತ್ತು. ಉಪವಾಸ ಮಾಡಿ ದೇಹ ಕೆಡಿಸಿಕೊಳ್ಳಬಾರದೆಂದು, ಆರೋಗ್ಯದ ಮಹತ್ವ ಕುರಿತು ನಡುಗುತ್ತಲೇ ದೀರ್ಘ ಉಪನ್ಯಾಸ ಕೊಟ್ಟೆ.

“ಹೂಂರಿ” ಎಂದಳು, ಪಾಪ.

ಜ್ವರ ಮತ್ತೆ ಏರಿದಾಗ ನನ್ನ ಧೈರ್ಯ ಇಳಿಯಿತು. ಇಲ್ಲೇ ಸತ್ತರೆ ಯಾರಿಗಾದರೂ ತಿಳಿಯುವುದಾದರೂ ಹೇಗೆ? ಗಂಜಿಯನ್ನು ಒಲೆಯ ಮೇಲಿಟ್ಟು, ಕಲಬುರಗಿ ಹತ್ತಿರದ ಕಮಲಾಪುರದಲ್ಲಿರುವ ಮಹಾದೇವಿಯ ತಮ್ಮ ಬಸವರಾಜನಿಗೆ ಫೋನ್ ಮಾಡಿದೆ.

“ಬಸು, ನಿಮ್ಮಕ್ಕಗ ಹೇಳಬ್ಯಾಡ. ನನಗ ಮಲೇರಿಯಾ ಆಗ್ಯಾದ.”

ಆತ ಧ್ವನಿ ತಗ್ಗಿಸಿದ.

“ಮಾಮಾ,” ಎಂದ, “ಅಕ್ಕ ಇಲ್ಲೇ ನಮ್ಮ ಮನ್ಯಾಗ ಅದಾಳ್ರಿ. ಡೆಂಗಿ ಆಗಿತ್ತು. ಪ್ಲೇಟ್ಲೆಟ್ ಭಾಳ ಇಳಿದು, ಕಲಬುರಗಿ ದವಾಖಾನ್ಯಾಗ ಇಟ್ಟಿದ್ವಿ. ನಿನ್ನೆ ಕರ್ಕೊಂಡ್ ಬಂದೀವಿ. ನಿಮಗ ಹೇಳಬ್ಯಾಡ ಅಂತ ಆಣಿ ಮಾಡಿಸಿದ್ಲು.”

ಅಂದರೆ ನಾನು ಉಪನ್ಯಾಸ ಕೊಟ್ಟದ್ದು ಸಲೈನ್ ಹಚ್ಚಿಕೊಂಡು ಮಲಗಿದ್ದವಳಿಗೆ. ಬಸವರಾಜ ಫೋನನ್ನು ಆಕೆಯ ಕೈಗೆ ಕೊಟ್ಟ.

“ಯಾಕ ಹೇಳಲಿಲ್ಲ?” ಎಂದೆ.

“ಹೇಳಿದ್ರ ಏನ್ ಮಾಡ್ತಿದ್ರಿ? ಅಲ್ಲಿ ಒಬ್ರೇ ಕುಂತು ಅಳ್ತಿದ್ರಿ.”

“ಅಳ್ತಿರಲಿಲ್ಲ” ಎಂದೆ, ಅಳುತ್ತ.

ಅಷ್ಟರಲ್ಲಿ ಗಂಜಿ ಉಕ್ಕಿತು. ಓಡಲು ಹೋದೆ. ಪಾತ್ರೆ ಹಿಡಿದಾಗ ಕಂಬಳಿ ಕಾಲಿಗೆ ಸುತ್ತಿಕೊಂಡಿತು. ನಾನೂ ಪಾತ್ರೆಯೂ ಒಟ್ಟಿಗೇ ನೆಲಕ್ಕೆ ಬಿದ್ದೆವು.

“ಅದೇನ್ರಿ ಸಪ್ಪಳ?”

“ಗಂಜಿ ಬಿತ್ತು. ಅದರ ಮ್ಯಾಲ ನಾನು.”

ಮಹಾದೇವಿ ನಕ್ಕಳು. ಎಷ್ಟೋ ದಿನಗಳ ಮೇಲೆ ಕೇಳಿದ ನಗು. ಆದರೆ ಅದು ಅರ್ಧದಲ್ಲೇ ಏದುಸಿರಾಯಿತು. ಬಸವರಾಜ ಫೋನ್ ಕಸಿದುಕೊಂಡ.

“ಮಾಮಾ, ಆಕಿಗಿ ನಗಾಕೂ ತ್ರಾಣ ಇಲ್ಲ. ನೀವ್ ಫೋನ್ ಇಟ್ರ ಆಕಿ ಒಂದೀಟು ಮಲಗ್ತಾಳ್ರಿ.”

ಪರದೇಶದಲ್ಲಿರುವ ಗಂಡನಾಗಿ ಹೆಂಡತಿಗೆ ನಾನು ಮಾಡಬಹುದಾಗಿದ್ದ ಸೇವೆ ಅದೊಂದೇ. ಇಟ್ಟೆ.