ಯಾವ ಗುಂಪಿಗೂ ಸೇರದ ನಮ್ಮ ಭಾವ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಅಮೆರಿಕದ ನೆಲವನ್ನು ಒಮ್ಮೆಯೂ ಮೆಟ್ಟಿದವರಲ್ಲ. ಆದರೂ ಕೋವಿಡ್ ಕಾಲದಲ್ಲಿ ಅಮೆರಿಕದ ಸ್ವತಂತ್ರ ಮತದಾರರಿಗಾಗಿ ಅವರಷ್ಟು ಮರುಗಿದ ಜೀವ ಇಡೀ ಟಾಲಾದಲ್ಲಿ ಇನ್ನೊಂದಿರಲಿಲ್ಲ! ಐರ್ಲೆಂಡಿನ ಡಬ್ಲಿನ್ ಅಂಚಿನ ಈ ನಮ್ಮ ಬಡಾವಣೆಯಲ್ಲಿ, ಲುಂಗಿಯ ಮೇಲೆ ಸ್ವೆಟರ್ ಹಾಕಿಕೊಂಡು, ಆಫೀಸಿನ ಲ್ಯಾಪ್‌ಟಾಪನ್ನು ಒಂದು ಪಕ್ಕಕ್ಕೆ ತಳ್ಳಿ, "ಅನ್ಯಾಯ! ಶುದ್ಧ ಅನ್ಯಾಯ!" ಎಂದು ಟೀವಿಯನ್ನು ಬೈಯುತ್ತಿದ್ದರು. ಟೀವಿ ಪಾಪ ಏನು ಮಾಡೀತು?

ಅವರ ಸಂಕಟ ಇಷ್ಟು. ಅಲ್ಲಿನ ಪಕ್ಷಗಳು ತಮ್ಮ ಅಭ್ಯರ್ಥಿಯನ್ನು ಆರಿಸಲು ಮೊದಲೊಂದು ಒಳಚುನಾವಣೆ ನಡೆಸುತ್ತವಲ್ಲ, ಪ್ರೈಮರಿ ಅಂತ, ಅದರಲ್ಲಿ ಕೆಲವು ರಾಜ್ಯಗಳಲ್ಲಿ ಪಕ್ಷಕ್ಕೆ ಹೆಸರು ಬರೆಸಿದವರಿಗೆ ಮಾತ್ರ ವೋಟು. ಯಾವ ಪಕ್ಷಕ್ಕೂ ಸೇರದವರು ಹೊರಗೆ ನಿಂತಿರಬೇಕು. ಬಾಗಿಲು ತೆಗೆಯಿರಿ ಎಂದು ಅವರದೊಂದು ಚಳವಳಿ. ಆ ಚಳವಳಿಗೆ ಅಟ್ಲಾಂಟಿಕ್‌ನ ಈಚೆಗೆ ಇದ್ದ ಏಕೈಕ ಕಾರ್ಯಕರ್ತ ನಮ್ಮ ಭಾವ.

"ಬಟ್ ಡ್ಯಾಡ್, ವಿ ಡೋಂಟ್ ಈವನ್ ಲಿವ್ ದೇರ್," ಎಂದಳು ಅವರ ಮಗಳು. ಹುಟ್ಟಿದ್ದೇ ಇಲ್ಲಿ. ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಟಾಲಾದ ಇಂಗ್ಲಿಷಿನಲ್ಲಿ.

"ಹಸಿವು ಅನ್ನೋದು ಎಲ್ಲಾ ಕಡೆ ಒಂದೇ ಪುಟ್ಟೀ," ಎಂದರು ಭಾವ. ಹಸಿವಿಗೂ ಪ್ರೈಮರಿಗೂ ಏನು ಸಂಬಂಧ ಎಂದು ನಾವು ಆಗ ನಕ್ಕೆವು.

ಹಾಗೆ ನೋಡಿದರೆ ಯಾವ ಕಡೆಗೂ ಸೇರದಿರುವುದು ಅವರ ಹುಟ್ಟುಗುಣ. ತಮ್ಮದೇ ಮದುವೆಯಲ್ಲಿ ಗಂಡಿನ ಕಡೆಯ ಪಂಕ್ತಿಯಲ್ಲೂ ಕೂರದೆ, ಹೆಣ್ಣಿನ ಕಡೆಯ ಪಂಕ್ತಿಯಲ್ಲೂ ಕೂರದೆ, ಅಡುಗೆ ಭಟ್ಟರ ಜೊತೆ ಊಟಕ್ಕೆ ಕೂತ ಮದುಮಗ! ಹುಡುಕಿ ಹುಡುಕಿ ಸುಸ್ತಾದ ನಮ್ಮಪ್ಪ, ಹುಡುಗ ಓಡಿಹೋದ ಅಂತಲೇ ತಿಳಿದಿದ್ದರು. ಮಸಾಲೆ ದೋಸೆಯೋ ಸಾದಾ ದೋಸೆಯೋ ಎಂದು ಹೋಟೆಲಿನವನು ಕೇಳಿದರೆ, "ಪಲ್ಯ ಬೇರೆ ತಟ್ಟೇಲಿ ಕೊಡಿ, ಯೋಚಿಸ್ತೀನಿ" ಎನ್ನುವ ಮನುಷ್ಯ. ಇಂಥವರನ್ನು ಕಟ್ಟಿಕೊಂಡು ಅಕ್ಕ ಹೇಗೆ ಬಾಳುತ್ತಿದ್ದಾಳೆ? "ಅಭ್ಯಾಸ ಆಗಿಹೋಗಿದೆ ಕಣೇ" ಅನ್ನುತ್ತಾಳೆ.

ಅಮೆರಿಕದಿಂದ ಅವರ ದೃಷ್ಟಿ ನಮ್ಮ ಕನ್ನಡ ಸಂಘದ ಮೇಲೆ ಬಿದ್ದಿದ್ದು ಒಂದು ಭಾನುವಾರ. ಬೀಳಬಾರದಿತ್ತು!

ನಮ್ಮ ಸಂಘದಲ್ಲಿ ಎರಡು ಗುಂಪು. ಸಿದ್ಧಾಂತದ ಜಗಳ ಅಂದುಕೊಳ್ಳಬೇಡಿ. ಎಷ್ಟೋ ವರ್ಷದ ಹಿಂದೆ ಒಂದು ಯುಗಾದಿಯ ದಿನ, ಮೊದಲು ಊಟವೋ ಮೊದಲು ಕಾರ್ಯಕ್ರಮವೋ ಎಂಬ ವಿಷಯಕ್ಕೆ ಮಾತು ಬೆಳೆದು, ಅಂದಿನಿಂದ 'ಊಟ ಮೊದಲು' ಗುಂಪು ಬೇರೆ, 'ಊಟ ಆಮೇಲೆ' ಗುಂಪು ಬೇರೆ. ಅಧ್ಯಕ್ಷಗಿರಿ ಒಂದು ಸಲ ಇವರಿಗೆ, ಒಂದು ಸಲ ಅವರಿಗೆ ಎಂಬುದು ಒಪ್ಪಂದ. ಯಾರ ಸರದಿಯೋ ಆ ಗುಂಪಿನವರು ತಮ್ಮ ವಾಟ್ಸಾಪಿನೊಳಗೇ ಒಬ್ಬರನ್ನು ಆರಿಸಿ ತರುತ್ತಾರೆ. ಮಹಾಸಭೆಯಲ್ಲಿ ಒಂದೇ ಹೆಸರು, ಎಲ್ಲರೂ ಕೈ ಎತ್ತುವುದು, ಚಪ್ಪಾಳೆ, ಮುಗಿಯಿತು. ಎರಡೂ ಗುಂಪಿಗೆ ಸೇರದವರು ಅರ್ಧಕ್ಕರ್ಧ ಇದ್ದರು. ಗಾಲ್ವೆ ಊರಿನ ಪಾರ್ಕ್‌ಮೋರ್ ಕಂಪನಿಗಳಲ್ಲಿ ಕೆಲಸಕ್ಕೆ ಹೊಸದಾಗಿ ಬಂದವರು, ದೂರದೂರಿನ ಆಸ್ಪತ್ರೆಗಳ ಡಾಕ್ಟರುಗಳು. ಅವರೂ ಚಪ್ಪಾಳೆ ತಟ್ಟುತ್ತಿದ್ದರು.

"ಒಂದೇ ಹೆಸರಿಗೆ ಕೈ ಎತ್ತೋಕೆ ಮನುಷ್ಯರೇ ಯಾಕೆ ಬೇಕು? ಫ್ಯಾನ್ ಹಾಕಿದ್ರೆ ಕರ್ಟನ್ನೂ ಎತ್ತುತ್ತೆ!" ಎಂದರು ಭಾವ.

ನಾನು 'ಊಟ ಮೊದಲು' ಗುಂಪಿನವಳು. ಬರೀ ಸದಸ್ಯೆಯಲ್ಲ, ದೊಡ್ಡ ಮನುಷ್ಯಳು! ಕೋವಿಡ್ ಬಂದು ಮನೆಯಲ್ಲೇ ಬಂದಿಯಾದ ಕನ್ನಡಿಗರಿಗೆ ಊಟ ತಲುಪಿಸುವ ಕೆಲಸವನ್ನು ಎರಡೂ ಗುಂಪು ಹಂಚಿಕೊಂಡಿದ್ದವು. ಅದರ ಪಟ್ಟಿ ನನ್ನದು. ಹೆಸರು, ಊರು, ಫೋನು, ಯಾವ ಗುಂಪು ಎಂದು ನಾಲ್ಕು ಕಾಲಂ ಮಾಡಿ, ಬಣ್ಣ ಹಚ್ಚಿ, ಮೇಲೆ ನನ್ನ ಹೆಸರು ಹಾಕಿ ಊಟ ಹಂಚುವವರಿಗೆ ಕಳಿಸಿದ್ದೆ. ಹಸಿರಿನವರಿಗೆ ನಾವು, ಹಳದಿಯವರಿಗೆ ಅವರು. ಎಷ್ಟು ಅಚ್ಚುಕಟ್ಟು ಎಂದು ಹಂಚುವವರೆಲ್ಲ ಹೊಗಳಿದ್ದೇ ಹೊಗಳಿದ್ದು.

ಭಾವ ಸಹಿ ಸಂಗ್ರಹಕ್ಕೆ ಹೊರಟರು. ಲಾಕ್‌ಡೌನ್ ಕಾಲ, ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ, ಯಾರ ಮನೆಯೊಳಕ್ಕೂ ಹೋಗುವಂತಿಲ್ಲ. ಗೇಟಿನಾಚೆ ನಿಂತು, ಮಾಸ್ಕಿನೊಳಗಿಂದ, "ಆಯ್ಕೆಯ ಬಾಗಿಲು ತೆಗೀಬೇಕು!" ಎಂದು ಕೂಗುವುದು. ಅದನ್ನು ಕೇಳಿ ಎರಡು ಮನೆಯವರು ನಿಜವಾಗಿ ಬಾಗಿಲು ತೆಗೆದು, ಇವರನ್ನು ನೋಡಿ ಮತ್ತೆ ಹಾಕಿಕೊಂಡರು. ಪಕ್ಕದ ಮನೆಯ ಐರಿಷ್ ಅಜ್ಜಿ ಮಾತ್ರ ಪೆನ್ನು ಹಿಡಿದೇ ಬಂದರು.

"ಅಜ್ಜೀ, ಇದು ಕನ್ನಡದವರ ಸಂಘ," ಎಂದು ಭಾವ ತಿಳಿಸಿ ಹೇಳಿದರು.

"ನನಗೂ ಯಾವ ಗುಂಪೂ ಇಲ್ಲವಲ್ಲ ಮಗಾ, ಅಷ್ಟು ಸಾಲದೇ?" ಎಂದು ಅಜ್ಜಿ ಸಹಿ ಹಾಕಿ, ಇಲ್ಲಿಯವರು ಎಲ್ಲದಕ್ಕೂ ಅನ್ನುವಂತೆ "ಗ್ರ್ಯಾಂಡ್!" ಎಂದು ಒಳಗೆ ಹೋದರು. ಏಳನೆಯ ಸಹಿ ಅವರದು. ತೆಗೆಯಿರಿ ಎಂದು ನಾವೆಷ್ಟು ಹೇಳಿದರೂ ಭಾವ ತೆಗೆಯಲಿಲ್ಲ.

ದೂರದವರಿಗೆ ಫೋನು. ಯಾರ ನಂಬರು ಎಲ್ಲಿ ಸಿಗಬೇಕು? ನನ್ನ ಬಣ್ಣದ ಪಟ್ಟಿಯನ್ನೇ ನನ್ನಿಂದ ಇಸಿದುಕೊಂಡು ಪ್ರಿಂಟ್ ಹಾಕಿ, ಗುಂಪಿನ ಕಾಲಂ ಖಾಲಿ ಇದ್ದವರಿಗೆಲ್ಲ ಒಬ್ಬೊಬ್ಬರಾಗಿ ಮಾಡತೊಡಗಿದರು.

ಒಂದು ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ಬಂದರು. ಕೈಯಲ್ಲಿ ಆ ಪ್ರಿಂಟು.

"ಸಾರು ಮಾಡಿದೀಯೇನಮ್ಮ?"

"ಈಗಿನ್ನೂ ಇಳಿಸ್ದೆ ಭಾವ. ಯಾಕೆ?"

"ಎರಡು ಡಬ್ಬ ಹಾಕ್ಕೊಡು. ಅನ್ನಾನೂ ಇರ್ಲಿ. ದಾರಿಗೆ ಬೇಕು."

"ದಾರಿಗೆ ಎರಡು ಡಬ್ಬಾನಾ? ಎಲ್ಲಿಗೆ ಹೋಗ್ತಿದೀರಾ, ಅಮೆರಿಕಕ್ಕಾ?"

"ಕಿಲ್ಕೆನ್ನಿಗೆ," ಎಂದವರೇ ಹೊರಟುಬಿಟ್ಟರು. ಒಂದು ಸಹಿಗೋಸ್ಕರ ನೂರಕ್ಕೂ ಹೆಚ್ಚು ಕಿಲೋಮೀಟರ್! ಅಕ್ಕ ತಲೆ ಚಚ್ಚಿಕೊಂಡಳು.

ದಾರಿಯಲ್ಲಿ ಪೊಲೀಸರು, ಇಲ್ಲಿ ಗಾರ್ಡಾ ಅನ್ನುತ್ತಾರೆ, ತಡೆದು ಎಲ್ಲಿಗೆ ಎಂದು ಕೇಳಿದರಂತೆ. ಭಾವ ಕಿಟಕಿ ಇಳಿಸಿ, ಅಮೆರಿಕದ ಪ್ರೈಮರಿಯಿಂದ ಆರಂಭಿಸಿ, ನಮ್ಮ ಯುಗಾದಿ ಜಗಳದ ಮೇಲೆ ಹಾಯ್ದು, ಸ್ವತಂತ್ರ ಮತದಾರರ ಹಕ್ಕಿನವರೆಗೆ ವಿವರಿಸಿದರಂತೆ. ಹಿಂದೆ ಹನ್ನೊಂದು ಕಾರು ನಿಂತವು. "ಆ ಡಬ್ಬದಲ್ಲೇನು?" ಎಂದು ಗಾರ್ಡಾ ಕೇಳಿದ್ದಕ್ಕೆ ಮುಚ್ಚಳ ತೆಗೆದು ತೋರಿಸಿದ್ದಾಯಿತು. "ಯೂ ಆರ್ ಗ್ರ್ಯಾಂಡ್, ಹೋಗಿ ಹೋಗಿ" ಎಂದು ಆತ ಕೈ ಮುಗಿಯುವುದೊಂದು ಬಾಕಿ! ಈ ಕತೆ ಹೇಳಿ ಹೇಳಿ ನಾವು ವಾರವಿಡೀ ನಕ್ಕೆವು. ಸಹಿ ಸಿಕ್ಕಿತೇ ಎಂದರೆ, "ಸಿಕ್ತು" ಎಂದರು, ಅಷ್ಟೇ. ಮಾತೆಂದರೆ ಮೂರು ಗಂಟೆ ಎಳೆಯುವವರು ಅಷ್ಟಕ್ಕೇ ನಿಲ್ಲಿಸಿದ್ದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮಹಾಸಭೆ ಝೂಮಿನಲ್ಲಿ ಸೇರಿತು. ಆ ಸಲ ನಮ್ಮ ಗುಂಪಿನ ಸರದಿ. ಭಾವನ ಅರ್ಜಿಯಲ್ಲಿ ಎರಡೇ ಬೇಡಿಕೆ. ಅಧ್ಯಕ್ಷರ ಒಳ ಆಯ್ಕೆಯಲ್ಲಿ ಯಾವ ಗುಂಪಿಗೂ ಸೇರದವರಿಗೆ ವೋಟು ಕೊಡಬೇಕು, ಸಂಘದ ಯಾವ ಪಟ್ಟಿಯಲ್ಲೂ ಗುಂಪಿನ ಕಾಲಂ ಇರಬಾರದು.

ನಮ್ಮ ಗುಂಪಿನ ಹಿರಿಯರೊಬ್ಬರಿಗೆ ಕೋಪ ಬಂತು. "ಗುಂಪು ಕಟ್ಟಿ ಇಷ್ಟು ವರ್ಷ ದುಡಿದೋರು ನಾವು. ಆರಿಸೋಕೆ ಇನ್ಯಾರೋ ಬರೋದಾ? ನಾಳೆ 'ಊಟ ಆಮೇಲೆ'ಯವ್ರು ಸ್ವತಂತ್ರ ಅಂತ ಸುಳ್ಳು ಹೇಳ್ಕೊಂಡು ನುಗ್ಗಿದ್ರೆ?"

"ಬಂದ್ರೆ ಊಟ ಹಾಕಿ ಸಾರ್," ಎಂದರು ಭಾವ, "ಮೊದಲೇ!"

ಪರದೆಯ ಚೌಕಗಳೆಲ್ಲ ನಕ್ಕವು. ಹಿರಿಯರು ನಗಲಿಲ್ಲ. "ತಮಾಷೆ ಸಾಕು. ಇದ್ರಿಂದ ಯಾರಿಗೇನು ತೊಂದ್ರೆ ಆಗಿದೆ ಹೇಳಿ?"

ಭಾವ ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದರು. ಆಗ ಮೂಲೆಯ ಚೌಕವೊಂದು ಮಾತಾಡಿತು. ದಾವಣಗೆರೆಯ ಹುಡುಗಿ, ಕಿಲ್ಕೆನ್ನಿಯಲ್ಲಿ ಡಾಕ್ಟರ್, ಬಂದು ಎರಡು ತಿಂಗಳು.

"ನನಗೆ ಕೋವಿಡ್ ಆಗಿತ್ತು ಸಾರ್. ಎದ್ದು ನಿಲ್ಲೋಕಾಗ್ತಿರ್ಲಿಲ್ಲ. ಊಟದ ಪಟ್ಟೀಲಿ ಹೆಸ್ರು ಕೊಟ್ಟಿದ್ದೆ. ಗುಂಪು ಯಾವ್ದು ಅಂತ ಗೊತ್ತಿಲ್ದೆ ಖಾಲಿ ಬಿಟ್ಟಿದ್ದೆ. ನಾಲ್ಕು ದಿನ ಬ್ರೆಡ್ ತಿಂದೆ. ಸಹಿ ಕೇಳೋಕೆ ಅಂತ ಅಂಕಲ್ ಫೋನ್ ಮಾಡಿದ್ರು, ನಾನು ಅತ್ತುಬಿಟ್ಟೆ. ಮಧ್ಯಾಹ್ನಕ್ಕೆ ಬಾಗಿಲ ಹತ್ರ ಸಾರು ಅನ್ನ ಇಟ್ಟು, ಕಾರಲ್ಲೇ ಕೂತು, ನಾನು ತಿಂದೆ ಅನ್ನೋವರೆಗೂ ಹೋಗ್ಲಿಲ್ಲ. ಇಲ್ಲೇ ಹತ್ರ ಇರೋರು ಯಾರಿಗಾದ್ರೂ ಫೋನ್ ಮಾಡ್ಬಹುದಿತ್ತಲ್ಲ ಅಂದೆ. ಫೋನ್ ಮಾಡಿದ್ರೆ ಯಾವ ಗುಂಪು ಅಂತ ಕೇಳ್ತಾರಮ್ಮ, ಕಾರು ಕೇಳಲ್ಲ, ಅಂದ್ರು."

ಪಟ್ಟಿಯಲ್ಲಿದ್ದ ಆ ಖಾಲಿ ಚೌಕ ನನಗೆ ನೆನಪಿತ್ತು. ಹಸಿರೂ ಅಲ್ಲ, ಹಳದಿಯೂ ಅಲ್ಲ, ಅವರ ಕಡೆಯವಳಿರಬೇಕು ಎಂದು ಬಿಳಿ ಬಿಟ್ಟು ಮುಂದೆ ಹೋಗಿದ್ದೆ. 'ಊಟ ಆಮೇಲೆ'ಯವರೂ ಹಾಗೆಯೇ ಅಂದುಕೊಂಡಿದ್ದರು.

"ಯಾರ್ರೀ ಆ ಪಟ್ಟಿ ಮಾಡಿದ್ದು?" ಹಿರಿಯರ ದನಿ ಏರಿತು.

ಪ್ರಿಂಟು ಭಾವನ ಮೇಜಿನ ಮೇಲೇ ಇದ್ದದ್ದು ನನಗೆ ಪರದೆಯಲ್ಲಿ ಕಂಡಿತು, ಹಾಳೆಯ ತಲೆಯಲ್ಲಿ ನನ್ನ ಹೆಸರಿನೊಂದಿಗೆ. ಅವರು ಅದನ್ನು ನಿಧಾನವಾಗಿ ಮಗುಚಿ ಇಟ್ಟರು. "ಯಾರು ಅನ್ನೋದು ಬೇಡ ಸಾರ್. ಕಾಲಂ ಬೇಡ, ಅಷ್ಟೇ."

ಮೊದಲು ಕೈ ಎತ್ತಿದ್ದು ನಾನು. ಆಮೇಲೆ ಒಂದೊಂದೇ ಚೌಕದಲ್ಲಿ ಕೈ ಮೇಲೆದ್ದವು, ಕೊನೆಗೆ ಹಿರಿಯರದೂ. ಬಾಗಿಲು ತೆರೆಯಿತು.

ಲ್ಯಾಪ್‌ಟಾಪ್ ಮುಚ್ಚಿದವಳೇ ಚಪ್ಪಲಿ ಮೆಟ್ಟಿಕೊಂಡು ಅಕ್ಕನ ಮನೆಯ ಗೇಟಿಗೆ ಓಡಿದೆ. ಭಾವ ಗಿಡಗಳಿಗೆ ನೀರು ಹಾಕುತ್ತಿದ್ದರು.

"ಭಾವ, ಆ ಪಟ್ಟಿ ನಂದು," ಎನ್ನುವಷ್ಟರಲ್ಲಿ ನನಗೆ ಅಳು ಬಂತು.

"ಗೊತ್ತು ಕಣಮ್ಮ. ಸಾರೂ ನಿಂದೇ ಅಲ್ವಾ?" ಎಂದು ಪೈಪು ಕೆಳಗಿಟ್ಟರು. "ಪಾಪ, ಆ ಹುಡುಗಿಗೆ ಕೋವಿಡ್‌ನಲ್ಲಿ ರುಚಿ ಗೊತ್ತಾಗ್ತಿರ್ಲಿಲ್ಲ. ನಿನ್ನ ಪುಣ್ಯ!"