ಎಂಜಿನ್ ಎಣ್ಣೆ ಸೋರಿದ ಒಂಬತ್ತನೇ ತಿಂಗಳು

ಹಳೇ ಕಾರು ಸಾಕಿದವರ ಮನೆಯಲ್ಲಿ ಗಾಬರಿಗೆ ಬರವಿಲ್ಲ. ನಗು ಮಾತ್ರ ಎರಡು ದಿನ ತಡವಾಗಿ ಬರುತ್ತದೆ. ನಾನು ಕೊಳ್ಳೇಗಾಲದ ಕಡೆಯವಳು. ಶಾಲೆಯ ನೌಕರಿಗೆಂದು ದಾಂಡೇಲಿಗೆ ಬಂದವಳು ನಿವೃತ್ತಿಯಾದರೂ ಇಲ್ಲೇ ಉಳಿದೆ. ಓಣಿಗೆಲ್ಲ ನಾನು ಅಕ್ಕೋರು, ಓಣಿಗೆಲ್ಲ ನನ್ನದೊಂದೇ ಕಾರು.

ಈ ಸಲ ಅದು ಸೋರಲು ಆರಿಸಿಕೊಂಡ ಹೊತ್ತು ಮಾತ್ರ ಬಹಳ ಕೆಟ್ಟದ್ದು. ಪಕ್ಕದ ಮನೆಯ ಸೊಸೆಗೆ ಒಂಬತ್ತು ತುಂಬಿತ್ತು. ಕೂಸಿನ ಕಾಲು ಕೆಳಗಿದೆ, ನೋವು ಶುರುವಾದ ಕೂಡಲೇ ಧಾರವಾಡಕ್ಕೆ ಕರೆತನ್ನಿ ಎಂದು ಡಾಕ್ಟರು ಹೇಳಿದ್ದರು. ಹುಡುಗಿಯ ಗಂಡ ಗೋವಾದಲ್ಲಿ ದುಡಿಯುತ್ತಾನೆ. ತವರು ಜೋಯಿಡಾದ ಒಳಗಿನ ಹಳ್ಳಿ, ಅಲ್ಲಿಗೆ ಜೀಪು ಹೋಗುವುದೂ ಕಷ್ಟ. “ನಾನಿದ್ದೇನೆ, ನನ್ನ ಕಾರಿದೆ” ಎಂದು ಅವಳ ಅತ್ತೆಗೆ ಮಾತು ಕೊಟ್ಟುಬಿಟ್ಟಿದ್ದೆ.

ಅಂಗಳದ ಕಲೆ

ಬೆಳಿಗ್ಗೆ ಕಾರು ಸರಿಸಿದರೆ ಅಂಗಳದಲ್ಲಿ ಊಟದ ತಟ್ಟೆಯಷ್ಟಗಲ ಕಪ್ಪು ಕಲೆ. ಪಕ್ಕದ ಮನೆಯ ಅತ್ತೆ ಓಡಿ ಬಂದಳು. “ಅಕ್ಕೋರ, ಧಾರವಾಡ ಮುಟ್ಟತೈತೇನ್ರಿ ಇದು?”

ನಾನು ಉತ್ತರ ಹುಡುಕುವಷ್ಟರಲ್ಲಿ, ಕಾಗದದ ಕಾರ್ಖಾನೆಯಿಂದ ನಿವೃತ್ತರಾದ ಎದುರುಮನೆಯ ಹಿರಿಯರು ಬಂದು ಬಗ್ಗಿ ನೋಡಿದರು. “ಇದಕ್ಯಾಕ ಅಂಜತೀರಿ? ಎ.ಸಿ. ನೀರ್ರಿ ಇದು. ಎಲ್ಲಾ ಕಾರಿಂದೂ ಬೀಳ್ತೈತಿ.”

“ನನ್ನ ಕಾರಿಗೆ ಎ.ಸಿ. ಇಲ್ಲವಲ್ಲ!”

ಅವರು ಗಡ್ಡ ಕೆರೆದುಕೊಂಡರು. “ಹಂಗಾದ್ರ ಮೊದಲ ಎ.ಸಿ. ಹಾಕಸ್ರಿ. ನೀರೋ ಎಣ್ಣಿನೋ ಆಮ್ಯಾಗ ನೋಡೂಣು.”

ಮಿಸ್ತ್ರಿಯ ಮನೆ

ಗ್ಯಾರೇಜಿನ ಮಿಸ್ತ್ರಿ ಬಂದು ಕಾರಿನ ಕೆಳಗೆ ಮಲಗಿದ. ತಳದ ಬೋಲ್ಟು ಸಡಿಲಾಗಿದೆ ಎಂದು ಬಿಗಿದ. ಮರುದಿನ ಮತ್ತೆ ಕಲೆ. ಎಣ್ಣೆ ನಿಲ್ಲುವ ತಳದ ಪೆಟ್ಟಿಗೆಯದೇ ತಪ್ಪು ಎಂದು, ಸೋರದಂತೆ ಅದರ ಸುತ್ತ ಹಾಕುವ ಪ್ಯಾಕಿಂಗ್ ಬದಲಿಸಿದ. ಅದರ ಮರುದಿನ ಕಲೆ ಇನ್ನೂ ದೊಡ್ಡದು. ಗೋಡೆಯ ಆಚೆ ಹುಡುಗಿ ಒಮ್ಮೆ ನರಳಿದರೂ ನಾನು ಕಾರಿನ ಕೀಲಿ ಹುಡುಕುತ್ತಿದ್ದೆ.

ನಾನು ರೇಗಿದೆ. “ಮಿಸ್ತ್ರಿ, ಎಣ್ಣೆ ಮೇಲಿನಿಂದ ಇಳಿದು ಬರುತ್ತಿರಬಹುದಲ್ಲ? ಮನೆ ಸೋರಿದರೆ ಹೆಂಚು ನೋಡುತ್ತಾರೋ, ನೆಲ ರಿಪೇರಿ ಮಾಡುತ್ತಾರೋ?”

“ನಮ್ಮ ಮನಿ ಮೂರು ಮಳಿಗಾಲದಿಂದ ಸೋರಾಕತ್ತೈತ್ರಿ ಅಮ್ಮಾ,” ಎಂದ ಆತ, ಒಂದಿಷ್ಟೂ ಬೇಸರವಿಲ್ಲದೆ. “ನಾ ಹೆಂಚೂ ನೋಡಿಲ್ಲ, ನೆಲಾನೂ ನೋಡಿಲ್ಲ. ಬಕೀಟ ಇಟ್ಟೇನಿ.”

ಪೌಡರ್ ಡಬ್ಬಿ

ಕೊನೆಗೆ ಮಿಸ್ತ್ರಿಯೇ ಒಂದು ದಾರಿ ಹೇಳಿದ. ಎಂಜಿನ್ ತೊಳೆದು ಒಣಗಿಸಿ, ಮೇಲೆಲ್ಲ ಪೌಡರ್ ಉದುರಿಸಿ ಚಾಲೂ ಮಾಡಿದರೆ, ಎಣ್ಣೆ ಎಲ್ಲಿಂದ ಹೊರಡುತ್ತದೋ ಅಲ್ಲಿ ಗೆರೆ ಬೀಳುತ್ತದಂತೆ. ಓಣಿಯ ಅಂಗಡಿಯಲ್ಲಿ ಇದ್ದದ್ದು ಕೂಸುಗಳ ಪೌಡರ್ ಒಂದೇ. ಅದನ್ನೇ ತಂದು ಕಾರಿನ ಮೇಲಿಟ್ಟೆ.

ಅತ್ತೆಯ ಕಣ್ಣಿಗೆ ಡಬ್ಬಿ ಬಿತ್ತು. “ಏನ್ ಮಾಡಿದ್ರಿ ಅಕ್ಕೋರ! ಹುಟ್ಟೂಕಿಂತ ಮೊದಲ ಕೂಸಿನ ಸಾಮಾನು ತರ್ತಾರೇನ್ರಿ? ನಾ ಒಂದು ನೂಲಿನ ಎಳಿ ಸೈತ ತಂದಿಲ್ಲ!” ಎಂದು ಎದೆ ಬಡಿದುಕೊಂಡಳು.

“ಕೂಸಿಗಲ್ಲ ಮಾರಾಯ್ತಿ, ಕಾರಿಗೆ!”

“ಕಾರಿಗೆ ಯಾರರ ಪೌಡರ್ ಹಚ್ಚತಾರೇನ್ರಿ?”

ಅವಳ ಕಣ್ಣೆದುರೇ ಮಿಸ್ತ್ರಿ ಎಂಜಿನ್ನಿಗೆಲ್ಲ ಪೌಡರ್ ಬಳಿದು ಚಾಲೂ ಮಾಡಿದ. ಸ್ವಲ್ಪ ಹೊತ್ತಿಗೆ, ಎಂಜಿನ್ನಿನ ತಲೆಯ ಮುಚ್ಚಳದ ಅಂಚಿನಿಂದ ಕಪ್ಪು ಗೆರೆಯೊಂದು ಇಳಿಯಿತು. ಕಳ್ಳ ಸಿಕ್ಕ. ಆದರೆ ಮುಚ್ಚಳ ಬಿಚ್ಚುವಾಗ ಒಳಗಿನ ಹಳೇ ಪ್ಯಾಕಿಂಗ್ ಹರಿದೇ ಹೋಯಿತು. ಹೊಸದು ಹುಬ್ಬಳ್ಳಿಯಿಂದ ನಾಳೆ ಬರಬೇಕು. ಅಲ್ಲಿಯವರೆಗೆ ಎಂದು ಮಿಸ್ತ್ರಿ ಪೇಸ್ಟ್ ಮೆತ್ತಿ ಮುಚ್ಚಿದ.

“ಉಳಿದ ಪೌಡರ್ ನಿಮ್ಮ ಮೊಮ್ಮಗುವಿಗೆ ಇರಲಿ,” ಎಂದೆ.

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದಳು. “ಹುಟ್ಟಿದ ಮ್ಯಾಲ ಕೊಡ್ರಿ. ಅಲ್ಲೀತನಕಾ ಕಾರ ಹಚ್ಚಿಕೊಳ್ಳಲಿ.”

ಹಳಿಯಾಳ ದಾಟಿದ ಮೇಲೆ

ಮರುದಿನ ಬೆಳಿಗ್ಗೆ, ಪ್ಯಾಕಿಂಗ್ ಬರುವ ಮೊದಲೇ ನೋವು ಬಂತು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಅದು ಜೋಯಿಡಾದ ಕಡೆ ಹೋಗಿದೆ, ತಡವಾಗುತ್ತದೆ ಎಂದರು. ಮಿಸ್ತ್ರಿ ಓಡಿ ಬಂದು ಎಣ್ಣೆ ತುಂಬಿ, ಕೈಗೊಂದು ಎಣ್ಣೆ ಡಬ್ಬಿ ಕೊಟ್ಟ. “ಸ್ಟೇರಿಂಗ್ ಮುಂದ ಕೆಂಪು ದೀಪ ಹತ್ತಿದ್ರ ಅಲ್ಲೇ ಬಂದ್ ಮಾಡ್ರಿ ಅಮ್ಮಾ. ಹಂಗ ಓಡಿಸಿದ್ರ ಎಂಜಿನ್ ಹಿಡಕೋತೈತಿ, ಆಮ್ಯಾಗ ಅಲ್ಲಾನ ಬಂದು ತಳ್ಳಬೇಕು.”

ಹಿಂದಿನ ಸೀಟಿನಲ್ಲಿ ಹುಡುಗಿ ಮಲಗಿದಳು, ಮುಂದೆ ನನ್ನ ಪಕ್ಕ ಅತ್ತೆ. ಹಳಿಯಾಳದವರೆಗೂ ಕಾರು ಓಡಿತು. ಸುಟ್ಟ ಎಣ್ಣೆಯ ವಾಸನೆ ಮಾತ್ರ ಹೆಚ್ಚುತ್ತಿತ್ತು. ಊರು ದಾಟಿ ಸ್ವಲ್ಪ ದೂರ ಹೋಗಿರಬೇಕು, ಕೆಂಪು ದೀಪ ಹತ್ತಿತು. ಆ ಗುರುತು ಇರುವುದು ಹಣತೆಯ ಹಾಗೆಯೇ.

“ಅಕ್ಕೋರ! ದೀಪ! ತಾನ ಹತ್ತೇತ್ರಿ!” ಅತ್ತೆ ತನ್ನ ಮನೆದೇವರಿಗೆ ಎರಡೂ ಕೈ ಮುಗಿದಳು. “ಉಳವಿ ಅಪ್ಪಾ, ನೀನ ಬಂದಿ ಏನಪ್ಪಾ!”

ನಾನು ಕಾರು ಬದಿಗೆ ತಂದು ಕೀಲಿಗೆ ಕೈ ಹಾಕಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು. “ಬ್ಯಾಡ್ರಿ! ತುಂಬಿದ ಬಸುರಿ ಮುಂದ ದೀಪ ಆರಸ್ತಾರೇನ್ರಿ?”

“ಬಿಡಿ, ಎಂಜಿನ್ ಸುಟ್ಟು ಹೋಗುತ್ತೆ!”

“ನನ್ನ ಕೈ ಸುಟ್ಟರೂ ಬಿಡೂದಿಲ್ಲ!”

ಹಿಂದಿನಿಂದ ಹುಡುಗಿ ಕಿರುಚಿದಳು. “ಅತ್ತೀ, ಕೈ ಬಿಡ್ರಿ! ಇಲ್ಲಾಂದ್ರ ಇಲ್ಲೇ ಹಡೀತೇನಿ!”

ಅತ್ತೆ ಕೈ ಬಿಟ್ಟಳು. ಎಂಜಿನ್ ಬಂದ್ ಮಾಡಿ, ಬಾನೆಟ್ ಎತ್ತಿ, ಅರ್ಧ ಒಳಗೆ, ಅರ್ಧ ಹೊರಗೆ ಡಬ್ಬಿ ಬರಿದು ಮಾಡಿದೆ. ಹೊಗೆ ಎದ್ದಿತು. ಕೀಲಿ ತಿರುಗಿಸಿದೆ. ಎಂಜಿನ್ ಕೆಮ್ಮಿತು, ಮತ್ತೆ ಕೆಮ್ಮಿತು, ಚಾಲೂ ಆಯಿತು. ದೀಪ ಆರಿತು. ಧಾರವಾಡ ಮುಟ್ಟುವವರೆಗೂ ಅತ್ತೆ ಸೆರಗಿನಿಂದ ಕಣ್ಣೊರೆಸುತ್ತ, ಆರಿದ ಆ ಜಾಗವನ್ನೇ ನೋಡುತ್ತ ಕೂತಳು.

ಆಪರೇಷನ್ ಆಯಿತು. ಹೆಣ್ಣು ಕೂಸು, ತಾಯಿಯೂ ಕೂಸೂ ಕ್ಷೇಮ. ಆಸ್ಪತ್ರೆಯ ಬೆಂಚಿನ ಮೇಲೆ ಕಾಲು ಚಾಚಿ ಕೂತ ಮೇಲೆ, ನನಗೆ ಸುಮ್ಮನಿರಲಾಗದೆ ತಿಳಿಸಿ ಹೇಳಿದೆ. “ನೋಡಿ, ಅದು ದೇವರ ದೀಪವಲ್ಲ. ಎಂಜಿನ್ನಿನಲ್ಲಿ ಎಣ್ಣೆ ತೀರಿದರೆ ಹತ್ತುತ್ತೆ, ಎಣ್ಣೆ ಹಾಕಿದರೆ ಆರುತ್ತೆ. ಅಷ್ಟೇ.”

ಅವಳು ನನ್ನನ್ನು ದಡ್ಡ ಹುಡುಗರನ್ನು ನೋಡುವ ಹಾಗೆ ನೋಡಿದಳು.

“ಎಲ್ಲಾರ ಮನೀ ದೀಪ ಎಣ್ಣಿ ಇದ್ರ ಉರೀತಾವು, ತೀರಿದ್ರ ಆರ್ತಾವು. ಇದು ಎಣ್ಣಿ ತೀರಿದ ಮ್ಯಾಲ ಹತ್ತೇತಿ ಅಂತ ನೀವ ಹೇಳಾಕತ್ತೀರಿ. ಮತ್ತ ಪವಾಡ ಅಂದ್ರ ಇನ್ನೇನ್ರಿ ಅಕ್ಕೋರ?”